ಅವರ ಮನೆಯ ಹಿರಿಯರ ಹಾಡು

ಆ ಭಾನುವಾರ ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ಮಳೆ ನಿಂತಿತ್ತು, ತೇವ ಹೋಗಿರಲಿಲ್ಲ. ನಮ್ಮ ಡೋಲು ಡಮಾಮಿಯ ಚರ್ಮ ಸಡಿಲಾಗಿತ್ತು. ಊರಿನಲ್ಲಾದರೆ ಡೋಲನ್ನು ಬೆಂಕಿಗೆ ಹಿಡಿಯುತ್ತಾರೆ. ನನ್ನ ಗಂಡ ಬಾಲ್ಕನಿಯಲ್ಲಿ ಮಗಳ ಹೇರ್ ಡ್ರೈಯರ್ ಹಿಡಿದು ಕೂತಿದ್ದರು.

"ಅಪ್ಪಾ, ಅದು ನನ್ನದು. ಹಾಯಾಕು!" ಬೇಗ ಕೊಡು ಎಂದು ಮಗಳ ಗಲಾಟೆ.

"ತಡಿಯೇ, ಮೊದಲು ಇವಳ ಚರ್ಮ ಒಣಗಲಿ. ನಿನಗಿಂತ ದೊಡ್ಡವಳು."

ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕದಿಂದ ಹಡಗಿನಲ್ಲಿ ಗೋವೆಗೆ ತಂದು ಮಾರಿದವರ, ತಪ್ಪಿಸಿಕೊಂಡು ಯಲ್ಲಾಪುರದ ಕಾಡು ಸೇರಿದವರ ಸಂತಾನ. ಟೋಕಿಯೋದ ಕನ್ನಡಿಗರ ಕೂಟದಲ್ಲಿ ಹೊಸಬರು ಇವರ ಮುಖ, ಕೂದಲು ನೋಡಿ ಇಂಗ್ಲಿಷಿನಲ್ಲೇ ಮಾತಾಡಿಸುತ್ತಿದ್ದರು. "ಕನ್ನಡದಲ್ಲೇ ಹೇಳಿ ಸರ್, ಇಂಗ್ಲಿಷು ಆಫೀಸಲ್ಲೇ ಸಾಕಾಗಿದೆ" ಎಂದು ಇವರು ನಗಿಸುತ್ತಿದ್ದರು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಆ ದಿನ ನದಿಯ ದಂಡೆಯಲ್ಲಿ ಇವರ ಜಮೈಕಾದ ಗೆಳೆಯ ಕಾದಿದ್ದ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ರೆಗ್ಗೆ ತಂಡವೊಂದರಲ್ಲಿ ಡ್ರಮ್ ಬಾರಿಸುತ್ತಿದ್ದವನು. ಅವನ ಹಿರಿಯರನ್ನೂ ಹಡಗಿನಲ್ಲೇ ಒಯ್ದದ್ದು, ಕಬ್ಬಿನ ಗದ್ದೆಗೆ. "ಊಟ ಆಯ್ತಾ ಅಣ್ಣ?" ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಬೆಳಗಿನ ತಿಂಡಿಯ ಹೊತ್ತಿಗೂ ಅದೇ.

ಇವರು ಅವನಿಗೆ ತಮ್ಮ ಅಜ್ಜಿಯ ಹಾಡು ಕಲಿಸುತ್ತಿದ್ದರು. ನಾಲ್ಕು ಸಾಲು. ಅರ್ಥ ಯಾರಿಗೂ ತಿಳಿಯದು. ಸತ್ತವರನ್ನು ಹಿರಿಯರ ಜೊತೆ ಸೇರಲು ಕರೆಯುವಾಗ, ತೆಂಗಿನಕಾಯಿ ಇಟ್ಟು, ಡಮಾಮಿಯೊಂದಿಗೆ ಅದನ್ನು ಹೇಳಬೇಕು. ಒಂದು ಸಾಲು ಕೈಗೆ ಕೂತ ಮೇಲೆಯೇ ಮುಂದಿನದು. ಮಗಳೂ ನಾನೂ ಹುಲ್ಲಿನ ಮೇಲೆ ಕೂತು ಕೇಳುತ್ತಿದ್ದೆವು.

ಗೆಳೆಯ ಫೋನ್ ತೆಗೆದ.

"ಬೇಡ" ಎಂದರು ಇವರು. "ಊರಿಗೆ ಎಷ್ಟೋ ಜನ ರೆಕಾರ್ಡರ್ ಹಿಡಿದು ಬಂದರು. ಹಾಡುಗಳು ಅವರ ಕಪಾಟು ಸೇರಿದವು. ಇದೊಂದನ್ನು ಅಜ್ಜಿ ಕೊಡಲಿಲ್ಲ."

"ನಮ್ಮಜ್ಜಿಯ ಹಾಡು ಲಂಡನ್ನಿನ ಸಂಗ್ರಹಾಲಯವೊಂದರಲ್ಲಿದೆ" ಎಂದ ಅವನು. "ಕೇಳಬೇಕೆಂದರೆ ನಾನು ಅರ್ಜಿ ಹಾಕಬೇಕು." ಫೋನನ್ನು ಚೀಲದೊಳಗೆ ಹಾಕಿದ.

ಅಂದು ಎರಡನೆಯ ಸಾಲು ಕೂತಿತು.

ಮರುದಿನ ಶಿನಾಗಾವಾದ ಆಫೀಸಿನಲ್ಲಿ, ಮೀಟಿಂಗಿನ ನಡುವೆ, ಇವರು ಕುಸಿದರು. ನಾನು ಆಸ್ಪತ್ರೆ ಮುಟ್ಟಿದಾಗ ಮೇಲಧಿಕಾರಿ ಬಾಗಿಲಲ್ಲಿದ್ದರು. ನನ್ನನ್ನು ನೋಡಿ ಬಾಗಿದವರು ತಲೆ ಎತ್ತಲೇ ಇಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ಸಂಸ್ಕಾರ ಇಲ್ಲೇ ಮುಗಿಸಿ ಊರಿನಲ್ಲಿದ್ದ ನಾದಿನಿಗೆ ಫೋನ್ ಮಾಡಿದೆ.

"ಹಿರಿಯರ ಹಾಡು ನಿಂಗೆ ಬರ್ತದಾ?"

"ಇಲ್ಲ ಅತ್ತಿಗೆ. ಅಜ್ಜಿ ಹೇಳ್ಕೊಟ್ಟಿದ್ದು ಅಣ್ಣಂಗೊಬ್ಬಂಗೇ. ಅವನು ಎಲ್ಲಾದ್ರೂ ರೆಕಾರ್ಡ್ ಮಾಡಿಟ್ಟಿರ್ಬೇಕಲ್ಲ?"

"ಮಾಡಲಿಲ್ಲ."

ಒಂದೊಂದು ಮನೆಗೂ ಹಿರಿಯರ ಹಾಡು ಬೇರೆ; ನನ್ನ ತವರಿನದು ಇವರಿಗೆ ಸಲ್ಲದು. ಇದನ್ನು ಪೂರ್ತಿಯಾಗಿ ನಾನು ಕೇಳಿದ್ದು ಒಮ್ಮೆ, ಅತ್ತೆ ತೀರಿಕೊಂಡಾಗ. ರೆಕಾರ್ಡಿಗೆ ಕೊಡಬಾರದೆಂದ ಇವರ ಮಾತು ಸರಿಯೆಂದೇ ಈಗಲೂ ನಂಬುತ್ತೇನೆ. ಇವರ ಮೇಲೆ ಸಿಟ್ಟೂ ಇದೆ.

ಇವರನ್ನು ಹಿರಿಯರ ಬಳಿಗೆ ಕರೆಯುವ ದಿನ ಗೆಳೆಯ ಮನೆಗೆ ಬಂದ. ಕೆಳಗಿನ ಮನೆಯವರಿಗೆ ತೊಂದರೆಯಾಗದಂತೆ ಡಮಾಮಿಯನ್ನು ಬೆರಳ ತುದಿಯಲ್ಲಿ ಬಾರಿಸಿದ. ಮಗಳು ಮೊದಲ ಸಾಲು ಹೇಳಿದಳು. ಕನ್ನಡವನ್ನೇ ಸರಿಯಾಗಿ ಆಡದ ಹುಡುಗಿ ಅದನ್ನು ಒಂದಿಷ್ಟೂ ತಪ್ಪದೆ ಹೇಳಿದಳು. ಎರಡನೆಯದನ್ನೂ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ಅವನು ಎರಡನೆಯ ಸಾಲಿನ ಪೆಟ್ಟನ್ನೇ ಬಹಳ ಹೊತ್ತು ಬಾರಿಸಿದ, ಯಾರಾದರೂ ಮುಂದುವರಿಸುತ್ತಾರೆ ಎಂಬಂತೆ. ಕೊನೆಗೆ ಕೈ ನಿಲ್ಲಿಸಿದ.

ತೆಂಗಿನಕಾಯಿ ಮೂಲೆಯಲ್ಲಿದೆ. ಇವರನ್ನು ಇನ್ನೂ ಕರೆದಾಗಿಲ್ಲ. ಮೂರನೆಯ ಸಾಲು, ನಾಲ್ಕನೆಯ ಸಾಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.