ಬಿಳಿ ಹೊದಿಕೆಯ ಕುರ್ಚಿ ಮತ್ತು ಅಬುಸ ನಖುಮ್ವ

ಪ್ರತಿ ಶನಿವಾರ ಮಧ್ಯಾಹ್ನ ಎನೆಲೆಸಿ ಅಜ್ಜಿ ಕುರ್ಚಿ ಒರೆಸುತ್ತಿದ್ದರು. ನಮ್ಮೂರು ನಾಸೊಂಬದ ಪ್ರಾರ್ಥನಾಮನೆಯ ಬಾಗಿಲು ತೆರೆದಿಟ್ಟು, ಒದ್ದೆ ಬಟ್ಟೆಯಿಂದ ಮೊದಲು ಬೆನ್ನೊರಗು, ಆಮೇಲೆ ಕೈಗಳು, ಕೊನೆಗೆ ಬಗ್ಗಿ ಕಾಲುಗಳು. ಒಣಗಿದ ಮೇಲೆ ಒಂದಿಷ್ಟು ಅಡುಗೆ ಎಣ್ಣೆ ಸವರುತ್ತಿದ್ದರು. ಬೇಲಿಯ ಮೇಲೆ ಒಣಹಾಕಿದ್ದ ಬಿಳಿ ಹೊದಿಕೆಯನ್ನು ತಂದು, ಕೊಡವಿ, ಸುಕ್ಕು ಬೀಳದಂತೆ ಕುರ್ಚಿಗೆ ಹೊದಿಸುತ್ತಿದ್ದರು. ಅಷ್ಟೂ ಹೊತ್ತು ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನೆಲ ಗುಡಿಸಲು ಬಂದ ಹೆಂಗಸರೂ ಬಾಯಿ ಬಿಡುತ್ತಿರಲಿಲ್ಲ.

ಅದು ಅಬುಸರ ಕುರ್ಚಿ. ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ನಮ್ಮ ಕಡೆ ಅಬುಸ ಎಂದೇ ಕರೆಯುವುದು. ಚಿಲಿಂಗಾ ಕೇಂದ್ರಸಭೆಗೆ ಸೇರಿದ ಪ್ರತಿಯೊಂದು ಪ್ರಾರ್ಥನಾಮನೆಯಲ್ಲೂ ಅಂಥದೊಂದು ಕುರ್ಚಿ ಇತ್ತು. ಹಿರಿಯರು ಇಟ್ಟಿಗೆಯ ಜಗಲಿಯ ಮೇಲೆ, ಮಿಕ್ಕವರು ಚಾಪೆಯ ಮೇಲೆ. ಅಬುಸ ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತಿದ್ದರು. ಅವರು ಬಾಗಿಲಲ್ಲಿ ಕಂಡರೆ ಎಲ್ಲರೂ ಏಳಬೇಕು. ಹಾಡು ಎಷ್ಟನೆಯ ಚರಣಕ್ಕೆ ಬಂದಿದ್ದರೂ ಅವರು ಕುಳಿತ ಮೇಲೆ ಮತ್ತೆ ಮೊದಲಿನಿಂದ ಶುರುವಾಗಬೇಕು. ಅವರಿಲ್ಲದ ಭಾನುವಾರಗಳಲ್ಲಿ ಖಾಲಿ ಕುರ್ಚಿಯ ಕಡೆ ಮುಖ ಮಾಡಿಕೊಂಡು ಪ್ರಾರ್ಥನೆ ನಡೆಯುತ್ತಿತ್ತು.

ಸಭೆ ಇರುವುದು ಯಾರಿಗಾಗಿ, ಅದರ ಕಟ್ಟಳೆಗಳಿರುವುದು ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆಯನ್ನು ಮುಲಾಂಜೆ ಬೆಟ್ಟದ ಈಚೆಗಿನ ನಮ್ಮ ಸಭೆಗಳಲ್ಲಿ ಕೇಳಿದವರು ಹಲವರಿರಬಹುದು. ಆದರೆ ಕೇಳಿ ಸುಮ್ಮನಾಗದೆ, ಉತ್ತರ ಹುಡುಕಿಕೊಂಡು ಸೈಕಲ್ ಹತ್ತಿ ಹೊರಟವರು, ದಾರಿ ತಪ್ಪಿದಾಗ ಸಂಕೋಚಪಡದೆ ತಿರುಗಿ ಬಂದು ಮತ್ತೆ ಹೊರಟವರು ರೆವರೆಂಡ್ ಲೈಸನ್ ನಖುಮ್ವ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಹೊರಬರುತ್ತಿರುವ ಅಭಿನಂದನ ಗ್ರಂಥದಲ್ಲಿ ವಿದ್ವಾಂಸರು ಅವರ ಚಿಂತನೆಯನ್ನು ವಿವರಿಸಿದ್ದಾರೆ. ನಾಸೊಂಬದ ಚಾಪೆಯ ಮೇಲೆ ಕುಳಿತವರಿಗೆ ಕಂಡಷ್ಟನ್ನು ಹೇಳುವುದು ಈ ಬರಹದ ಕೆಲಸ.

ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದ ತಾಯಿಯ ಮಗನಾಗಿ ಹುಟ್ಟಿ, ಕೆಲವು ವರ್ಷ ಶಾಲಾ ಮಾಸ್ತರರಾಗಿದ್ದು, ಆಮೇಲೆ ದೀಕ್ಷೆ ಪಡೆದ ಅಬುಸ ನಖುಮ್ವ ಮೊದಲು ಸೇವೆ ಸಲ್ಲಿಸಿದ್ದು ಬ್ಲಾಂಟೈರ್ ನಗರದ ದೊಡ್ಡ ದೇವಾಲಯದಲ್ಲಿ. ಅಲ್ಲಿ ಮೈಕು, ಮೆತ್ತನೆಯ ಆಸನ, ಮೂರು ಹೊತ್ತಿನ ಆರಾಧನೆ ಎಲ್ಲ ಇತ್ತು. ಅಲ್ಲಿಂದ ಅವರನ್ನು ಚಿಲಿಂಗಾಕ್ಕೆ ವರ್ಗ ಮಾಡಿದಾಗ ಇದು ಶಿಕ್ಷೆಯೇ ಇರಬೇಕೆಂದು ಜನ ಆಡಿಕೊಂಡರು. ಅವರು ಮಾತ್ರ ಬಂದ ಮಾರನೆಯ ದಿನವೇ ಮೀನು ಮಾರುವವನೊಬ್ಬನ ಹಿಂದೆ ಸೈಕಲ್ ತುಳಿದುಕೊಂಡು ನಾಸೊಂಬಕ್ಕೆ ಬಂದರು. ಚಿಲ್ವಾ ಸರೋವರದ ಒಣಮೀನಿನ ವಾಸನೆ ಅವರ ಕೋಟಿಗೆ ಹತ್ತಿಕೊಂಡಿತ್ತು. ಹೊಸ ಅಬುಸರನ್ನು ನಮ್ಮ ಹೆಂಗಸರು ಮೂಗಿನಿಂದಲೇ ಮೊದಲು ಗುರುತಿಸಿದ್ದೆಂದು ಇವತ್ತಿಗೂ ನಗುತ್ತಾರೆ.

ಆಗ ಎಲ್ಲ ಅಧಿಕಾರವೂ ಚಿಲಿಂಗಾದ್ದು. ದೀಕ್ಷಾಸ್ನಾನ ಅಲ್ಲೇ, ಕರ್ತನ ಭೋಜನ ಅಲ್ಲೇ, ಹಿರಿಯರ ನೇಮಕವೂ ಅಲ್ಲೇ. ಸತ್ತವರನ್ನು ಸಭೆಯ ಹಾಡಿನೊಂದಿಗೆ ಮಣ್ಣು ಮಾಡಬೇಕೆಂದರೂ ಕೇಂದ್ರದ ಅಪ್ಪಣೆ ಬೇಕು, ಅಬುಸರೋ ಅವರು ಕಳಿಸಿದವರೋ ಬರಬೇಕು. ಒಂದು ಮಳೆಗಾಲ ಸೊಂಬಾನಿ ನದಿ ತುಂಬಿದ್ದಾಗ ನಮ್ಮೂರಿನ ಲೆಸಿನಾಳ ಗಂಡ ತೀರಿಕೊಂಡ. ಸುದ್ದಿ ಹೊತ್ತವನು ಹೊಳೆ ದಾಟಲಾರದೆ ಈ ದಡದಲ್ಲೇ ಕುಳಿತ. ಕಾದು ಕಾದು, ಇನ್ನು ಕಾಯುವಂತಿಲ್ಲವೆಂದಾಗ ಊರಿನ ಯಜಮಾನ ಹೆಣ ಎತ್ತಿಸಿದ. ಸಭೆಯವರೆಲ್ಲ ಮಸಣದ ಅಂಚಿನ ಮರಗಳ ಕೆಳಗೆ ಮೂಕರಾಗಿ ನಿಂತಿದ್ದರು.

ನೀರು ಇಳಿದ ಮೇಲೆ ಎದೆಮಟ್ಟದ ಹೊಳೆ ದಾಟಿ ಅಬುಸ ಬಂದರು. ಲೆಸಿನಾಳ ಅಂಗಳದಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತು ವಿಷಯ ಕೇಳಿದರು. ನಾಸೊಂಬದ ಹಿರಿಯ ಫ್ಯಾನ್‌ವೆಲ್ ಮುಕೀವಾ ತಲೆ ತಗ್ಗಿಸಿಕೊಂಡು ನಿಂತಿದ್ದರು.

"ಸಾವಿನ ಹಾಡು ನಿಮಗೆ ಬರಲ್ವಾ ಅಣ್ಣ?"

"ಬರುತ್ತೆ ಅಬುಸ. ಎಲ್ಲರಿಗೂ ಬರುತ್ತೆ."

"ಮತ್ಯಾಕೆ ಹಾಡಲಿಲ್ಲ?"

"ಅಪ್ಪಣೆ ಇರಲಿಲ್ವಲ್ಲ."

ಲೆಸಿನಾ ಗೋಡೆಗೆ ಒರಗಿ ಕುಳಿತಿದ್ದಳು. "ನಾಯಿ ಹೂತ ಹಾಗೆ ಹೂತರು," ಎಂದಳು, ಯಾರನ್ನೂ ನೋಡದೆ. ಅಬುಸ ಅವಳ ಮುಂದೆ ನೆಲದ ಮೇಲೆ ಕುಳಿತರು. ಮಧ್ಯಾಹ್ನ ಕೊಟ್ಟ ನ್ಸಿಮಾ ಮುದ್ದೆ ಮತ್ತು ತೊಗರಿಯನ್ನು ಮುಟ್ಟಲಿಲ್ಲ.

ಎಲ್ಲ ಕೇಂದ್ರಸಭೆಗಳ ಮೇಲಿನ ಸಭಾಮಂಡಳಿಯ ಆ ವರ್ಷದ ಕೂಟದಲ್ಲಿ ಅವರು ಎದ್ದುನಿಂತು ಮಂಡಿಸಿದ್ದು ನೇರವಾದ ಮಾತು: ಪ್ರಾರ್ಥನಾಮನೆಗಳು ತಮ್ಮ ಸತ್ತವರನ್ನು ತಾವೇ ಕಳಿಸಿಕೊಡಲಿ, ತಮ್ಮ ಹಿರಿಯರನ್ನು ತಾವೇ ಆರಿಸಲಿ, ಅವರಲ್ಲಿ ಹೆಂಗಸರೂ ಇರಲಿ, ಸಭಾಪಾಲಕನ ಕೆಲಸ ಎಲ್ಲ ಕಡೆ ಹೋಗಿ ಕೂರುವುದಲ್ಲ, ಎಲ್ಲ ಕಡೆಯವರನ್ನೂ ತಯಾರು ಮಾಡುವುದು. ಮಂಡಳಿಯ ಅಧ್ಯಕ್ಷರು ಹಾಸ್ಯಗಾರರು. "ಏನ್ರೀ ನಖುಮ್ವ, ಸೈಕಲ್ ತುಳಿದು ಸಾಕಾಯ್ತಾ?" ಎಂದರಂತೆ. ಸಭೆ ನಕ್ಕಿತು.

"ನನಗೆ ತುಳಿದು ಸಾಕಾಗಿಲ್ಲ ಯಜಮಾನ್ರೇ. ಅವರಿಗೆ ಕಾದು ಸಾಕಾಗಿದೆ," ಎಂದರು ಇವರು.

ಬಹಳ ಚರ್ಚೆಯಾಗಿ ಮಂಡಳಿ ಒಂದು ಷರತ್ತಿನ ಮೇಲೆ ಒಪ್ಪಿತು. ಈ ಏರ್ಪಾಡು ನಖುಮ್ವ ಅವರ ನಿವೃತ್ತಿಯವರೆಗೆ ಮಾತ್ರ. ಅವರ ಕೊನೆಯ ಭಾನುವಾರ ಮಂಡಳಿಯವರೇ ಬಂದು ನೋಡುತ್ತಾರೆ; ಪ್ರಾರ್ಥನಾಮನೆಗಳು ಅವರ ಆಸರೆಯಿಲ್ಲದೆ ನಿಂತಿದ್ದರೆ ಸರಿ, ಇಲ್ಲದಿದ್ದರೆ ಎಲ್ಲವೂ ಮತ್ತೆ ಚಿಲಿಂಗಾಕ್ಕೆ. ಅಂದಿನಿಂದ ಅವರ ಉಳಿದ ಸೇವಾವಧಿಯೆಲ್ಲ ಆ ಒಂದು ಭಾನುವಾರದ ಕಡೆಗೆ ನಡೆದ ನಡಿಗೆ ಎಂದರೆ ತಪ್ಪಾಗಲಾರದು.

ಆದರೆ ಅವರ ಮೊದಲ ಹೆಜ್ಜೆಯೇ ಎಡವಿತು. ಜನ ಖಾಲಿ ಕುರ್ಚಿಗೆ ಕಾಯುತ್ತಾರೆ, ಕುರ್ಚಿಯೇ ಇಲ್ಲದಿದ್ದರೆ ಕಾಯುವುದು ನಿಲ್ಲುತ್ತದೆ ಎಂದು ಯೋಚಿಸಿ, ಒಂದು ವಾರ ಊರೂರು ಸುತ್ತಿ ಕುರ್ಚಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಒಯ್ದರು. ನಗರದಲ್ಲಿ ಬಹುಕಾಲ ಇದ್ದವರಿಗೆ ಒಂದು ವಿಷಯ ಮರೆತುಹೋಗಿತ್ತು. ನಮ್ಮಲ್ಲಿ ಯಾವುದಾದರೂ ಪ್ರಾರ್ಥನಾಮನೆ ಘೋರ ತಪ್ಪು ಮಾಡಿದರೆ ಅದನ್ನು ಶಿಸ್ತಿಗೆ ಒಳಪಡಿಸುವ ರೀತಿ ಅದೇ: ಅಬುಸರ ಕುರ್ಚಿಯನ್ನು ಎತ್ತಿಕೊಂಡು ಹೋಗುವುದು.

ನಾಸೊಂಬದವರು ಬಾಗಿಲಿಗೆ ಕಡ್ಡಿ ಸಿಕ್ಕಿಸಿ ಹಾಡು ನಿಲ್ಲಿಸಿದರು. ಹೆಂಗಸರು ಸಭೆಯ ಬಿಳಿ ತಲೆವಸ್ತ್ರ ಮಡಿಸಿಟ್ಟರು. ಫ್ಯಾನ್‌ವೆಲ್ ಮುಕೀವಾ, ಎನೆಲೆಸಿ ಅಜ್ಜಿ ಮತ್ತಿಬ್ಬರು ತಪ್ಪುಕಾಣಿಕೆಗೆಂದು ಒಂದು ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಲಿಂಗಾಕ್ಕೆ ನಡೆದುಹೋಗಿ ಅಬುಸರ ಮನೆಯ ಮುಂದೆ ಮಂಡಿಯೂರಿದರು.

"ಯಾವ ತಪ್ಪಿಗೆ ಅಂತ ಹೇಳಿಬಿಡಿ ಅಬುಸ, ಒಪ್ಕೋತೀವಿ," ಎಂದರು ಫ್ಯಾನ್‌ವೆಲ್. ಅಬುಸ ದಿಗಿಲುಬಿದ್ದು ಸುಮ್ಮನಿದ್ದುದನ್ನು ಕೋಪವೆಂದು ತಿಳಿದು ತಾವೇ ಶುರುಮಾಡಿದರು. "ಮೈದುನನ ಮದುವೇಲಿ ನಾನು ಸಾರಾಯಿ ಕುಡಿದದ್ದು ನಿಜ. ಒಂದೇ ಒಂದು ಲೋಟ."

"ಒಂದಾ?" ಎಂದರು ಎನೆಲೆಸಿ ಅಜ್ಜಿ. "ಎತ್ತಿಕೊಂಡು ಬಂದವರು ಮೂರು ಜನ."

"ಅಜ್ಜಿ, ನಿಮ್ಮದನ್ನ ನೀವು ಹೇಳ್ಕೊಳ್ಳಿ."

"ನನ್ನದೇನಿದೆ. ಕುರ್ಚಿಗೆ ಎಣ್ಣೆ ಸವರೋವಾಗ ಉಳಿದದ್ದನ್ನ ಮನೆಗೆ ಒಯ್ದಿದ್ದೀನಿ. ಮೀನು ಹುರಿಯೋಕೆ."

ಅಬುಸರಿಗೆ ನಗು ಬಂದಿರಬೇಕು, ತೋರಿಸಲಿಲ್ಲ. ತಪ್ಪು ತಮ್ಮದೆಂದು ಹೇಳಿ ಅವರೆದುರು ತಾವೂ ಮಂಡಿಯೂರಿದರು. ಸಭಾಪಾಲಕರೊಬ್ಬರು ಹೇಂಟೆಯ ಮುಂದೆ ಮಂಡಿಯೂರಿದ್ದನ್ನು ಮೊದಲ ಸಲ ನೋಡಿದ್ದು ಎಂದು ಅಜ್ಜಿ ಆಮೇಲೆ ಊರಿಗೆಲ್ಲ ಹೇಳಿದರು. ಮರುದಿನವೇ ನಾಸೊಂಬದ ಕುರ್ಚಿಯನ್ನು ಸೈಕಲ್ಲಿಗೆ ಕಟ್ಟಿ, ಹೇಂಟೆಯನ್ನು ಹ್ಯಾಂಡಲಿಗೆ ತೂಗುಹಾಕಿ, ಅವರೇ ಹಿಂದಕ್ಕೆ ತಂದರು. ಸಂತೆಯ ದಾರಿಯಲ್ಲಿ ಹುಡುಗರು "ಅಬುಸ, ಕುರ್ಚಿ ಎಷ್ಟಕ್ಕೆ? ಕೋಳಿ ಜೊತೆಗೆ ಬರುತ್ತಾ?" ಎಂದು ಕೂಗಿದರಂತೆ. "ಎರಡೂ ಮಾರಾಟಕ್ಕಿಲ್ಲ ಕಣ್ರಪ್ಪಾ," ಎಂದು ಹೇಳುತ್ತ ತುಳಿದರಂತೆ.

ಆ ಭಾನುವಾರ ನಮ್ಮ ಪ್ರಾರ್ಥನಾಮನೆ ಕಿಕ್ಕಿರಿದಿತ್ತು. ಅಬುಸ ಕುರ್ಚಿಯನ್ನು ಅದರ ಜಾಗದಲ್ಲಿಟ್ಟು, ಹೊದಿಕೆ ತೆಗೆದು ಮಡಿಸಿ, ತಾವು ಹೋಗಿ ಗಂಡಸರ ಚಾಪೆಯ ತುದಿಯಲ್ಲಿ ಕುಳಿತರು. "ಈ ವಾರ ನಮ್ಮೊಳಗೆ ಯಾರಿಗೆ ಎಲ್ಲರಿಗಿಂತ ಭಾರ ಇದೆಯೋ ಅವರು ಅಲ್ಲಿ ಕೂತ್ಕೊಳ್ಳಲಿ," ಎಂದರು. ಯಾರೂ ಅಲುಗಾಡಲಿಲ್ಲ. ಅಬುಸರನ್ನು ಬಿಟ್ಟರೆ ಆ ಕುರ್ಚಿಯನ್ನು ಮುಟ್ಟಿದ್ದವರು ಅದನ್ನು ಒರೆಸುತ್ತಿದ್ದ ಅಜ್ಜಿಯೊಬ್ಬರೇ. ಕೊನೆಗೆ ಎದ್ದವರೂ ಅವರೇ. ಎನೆಲೆಸಿ ಅಜ್ಜಿ ಹಿಂದಿನ ಸಾಲಿಗೆ ಹೋಗಿ ಲೆಸಿನಾಳ ಮಣಿಕಟ್ಟು ಹಿಡಿದು ಎಬ್ಬಿಸಿದರು.

"ಬೇಡ ಅಜ್ಜಿ, ಅದು ಅಬುಸರದ್ದು."

"ಕೂತ್ಕೊಳೇ. ಇಷ್ಟು ವರ್ಷ ಎಣ್ಣೆ ಕುಡಿಸಿದ್ದೀನಿ, ಮುರಿಯಲ್ಲ."

ಲೆಸಿನಾ ಕುರ್ಚಿಯ ಅಂಚಿನಲ್ಲಿ ಕುಳಿತಳು. ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫ್ಯಾನ್‌ವೆಲ್ ಮುಕೀವಾ, ಯಾರ ಅಪ್ಪಣೆಯನ್ನೂ ಕೇಳದೆ, ಆ ಮಳೆಗಾಲದಲ್ಲಿ ಹಾಡದೆ ಉಳಿದಿದ್ದ ಸಾವಿನ ಹಾಡನ್ನು ಎತ್ತಿಕೊಂಡರು. ಎಲ್ಲರೂ ಸೇರಿಕೊಂಡರು. ಹಾಡುತ್ತಲೇ ಎದ್ದು ಮಸಣಕ್ಕೆ ನಡೆದರು. ಅಬುಸ ನಖುಮ್ವ ಮುಂದೆ ಇರಲಿಲ್ಲ; ಗುಂಪಿನ ಹಿಂದೆ, ಮಕ್ಕಳ ಜೊತೆ ಬರುತ್ತಿದ್ದರು.

ಮುಂದಿನದೆಲ್ಲ ಅದರಿಂದ ಬೆಳೆದದ್ದು. ಉಳಿದ ಊರುಗಳ ಕುರ್ಚಿಗಳೂ ಹಾಗೆಯೇ ಹಿಂದಿರುಗಿದವು. ವಾರವಾರವೂ ಯಾರು ಕುರ್ಚಿಯಲ್ಲಿ ಕುಳಿತರೋ ಅವರ ಮನೆಯೇ ಆ ವಾರದ ಸಭೆಯ ಕೆಲಸ. ಒಬ್ಬರ ಮನೆಗೆ ಹುಲ್ಲು ಹೊದಿಸಿದರು, ಇನ್ನೊಬ್ಬರ ತೊಗರಿ ಬಿಡಿಸಿಕೊಟ್ಟರು, ಜ್ವರ ಬಂದವರಿಗೆ ನೀರು ಹೊತ್ತರು. ಯಾರು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಲು ಜನ ಬೇಕಾಯಿತು, ಆಮೇಲೆ ಅವರಿಗೆ ಹಿರಿಯರೆಂಬ ಹೆಸರು ಬಂತು. ಮೊದಲು ಹೆಸರು, ಆಮೇಲೆ ಕೆಲಸ ಎಂಬುದನ್ನು ಅಬುಸ ಹೀಗೆ ಸದ್ದಿಲ್ಲದೆ ತಿರುಗಿಸಿಟ್ಟರು. ಎಲ್ಲ ಕಡೆಯೂ ಸುಸೂತ್ರವಾಯಿತೆಂದಲ್ಲ. ಸಂತೆಯೂರಿನಲ್ಲಿ ಅತಿ ಭಾರ ಹೊತ್ತವಳು ನಾನೇ ಎಂದು ಯಜಮಾನನ ಹೆಂಡತಿ ತಿಂಗಳುಗಟ್ಟಲೆ ಕುರ್ಚಿ ಬಿಟ್ಟು ಏಳಲಿಲ್ಲ. ದೂರುಹೊತ್ತು ಬಂದವರಿಗೆ ಅಬುಸ, "ಹಾಗಾದರೆ ಹೋಗಿ ಆಯಮ್ಮನ ಕಷ್ಟ ಏನು ಅಂತ ವಿಚಾರಿಸಿ," ಎಂದರು. ವಿಚಾರಿಸಿದಾಗ ನಿಜವಾಗಿ ಕಷ್ಟವೇ ಇತ್ತು.

ಚಿಲಿಂಗಾದ ಮಾವಿನ ಮರದ ಕೆಳಗೆ ಅವರು ನಡೆಸಿದ ತರಬೇತಿಗಳಲ್ಲಿ ಹೆಂಗಸರು ಶವಸಂಸ್ಕಾರ ನಡೆಸುವುದನ್ನು ಕಲಿತರು. ಶಾಲೆ ಅರ್ಧಕ್ಕೆ ಬಿಟ್ಟು, ನಾಲ್ಕು ಜನರೆದುರು ದನಿ ಎತ್ತಲಾರದ ಹುಡುಗಿಯರ ಕೈಗೂ ಅವರು ಬೈಬಲ್ ಕೊಟ್ಟು "ಓದಮ್ಮ" ಎನ್ನುತ್ತಿದ್ದರು. ಆಮೇಲೆ ಕಾಯುತ್ತಿದ್ದರು. ಮಧ್ಯೆ ಪದ ಹೇಳಿಕೊಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಹಾಗೆ ಕಾಯುವವರು ಸಿಕ್ಕಿದ್ದರಿಂದ ಓದಲು, ಬರೆಯಲು ಬಂದವರು ನಮ್ಮ ಊರುಗಳಲ್ಲಿ ಇದ್ದಾರೆ.

ಅಬುಸ ನಖುಮ್ವ ಅವರಿಗೆ ದೇವರು ದೀರ್ಘಾಯುಷ್ಯ ಕೊಡಲಿ, ಮಂಡಿನೋವು ಕಡಿಮೆ ಮಾಡಲಿ, ಸೈಕಲ್ಲಿನ ಚೈನು ಕಳಚದಂತೆ ನೋಡಿಕೊಳ್ಳಲಿ. ನಿವೃತ್ತಿಯ ನಂತರವೂ ಮಾವಿನ ಮರದ ಕೆಳಗೆ ಅವರ ಪಾಠ ನಡೆಯಲಿ. ಪ್ರಾರ್ಥನಾಮನೆಗಳ ಏರ್ಪಾಡು ಹೀಗೆಯೇ ಮುಂದುವರಿಯತಕ್ಕದ್ದು ಎಂದು ಮಂಡಳಿಯಿಂದ ಅಪ್ಪಣೆ ಬಂದದ್ದು ಆಮೇಲೆ. ನಾಸೊಂಬದವರಿಗೆ ಅದು ಅಬುಸರ ಕೊನೆಯ ಭಾನುವಾರದಂದೇ ತಿಳಿದಿತ್ತು.

ಅಂದು ಮಂಡಳಿಯ ಅಧ್ಯಕ್ಷರು ನಮ್ಮ ಪ್ರಾರ್ಥನಾಮನೆಗೆ ಬೇಗನೆ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅಬುಸ ಇನ್ನೂ ಬಂದಿರಲಿಲ್ಲ. ದಾರಿಯಲ್ಲಿ ಚೈನು ತುಂಡಾಗಿತ್ತು. ಅಧ್ಯಕ್ಷರು ಬಾಗಿಲ ಕಡೆ ಎರಡು ಸಲ ನೋಡಿ, "ಕಾಯೋಣವಾ?" ಎಂದು ಪಕ್ಕದವಳನ್ನು ಕೇಳಿದರು. ಕೇಳುವಷ್ಟರಲ್ಲೇ ಹಾಡು ಎದ್ದಿತ್ತು. ಕುರ್ಚಿಯಲ್ಲಿ ಎನೆಲೆಸಿ ಅಜ್ಜಿ ಇದ್ದರು. ಆ ವಾರ ಅವರ ತಂಗಿ ತೀರಿಕೊಂಡಿದ್ದಳು. ಸಂಸ್ಕಾರ ನಡೆಸಿದ್ದು ಹಿರಿಯಳಾಗಿ ಆಯ್ಕೆಯಾಗಿದ್ದ ಲೆಸಿನಾ. ಚಿಲಿಂಗಾಕ್ಕೆ ಯಾರೂ ಸುದ್ದಿ ಕಳಿಸಿರಲಿಲ್ಲ. ಕಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಲೆಸಿನಾ ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ನಿಂತು ಹಾಡಿಸುತ್ತಿದ್ದಳು.

ಮೂರನೆಯ ಚರಣದಲ್ಲಿ ಅಬುಸ ಬಾಗಿಲಿಗೆ ಬಂದರು. ಕೈ ಮಸಿಯಾಗಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಯಾರೂ ಏಳಲಿಲ್ಲ. ಹಾಡು ಹಿಂದಕ್ಕೆ ಹೋಗಲಿಲ್ಲ. ನಾಲ್ಕನೆಯ ಚರಣಕ್ಕೆ ಹೋಯಿತು. ಅಧ್ಯಕ್ಷರು ಅವರನ್ನು ನೋಡಿದರು, ಸಾಲುಸಾಲು ಬೆನ್ನುಗಳನ್ನು ನೋಡಿದರು, ಶೂ ಬಿಚ್ಚಿ ಹೊರಗಿಟ್ಟು ಬಂದು ಚಾಪೆಯ ಮೇಲೆ ಕುಳಿತು ಬಾಯಿ ಕೂಡಿಸಿದರು. ಅಬುಸ ಮಸಿಯ ಕೈಯನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ ಗಂಡಸರ ಚಾಪೆಯ ತುದಿಗೆ ಬಂದು, ಕಣ್ಣು ಮುಚ್ಚಿ ಹಾಡುತ್ತಿದ್ದ ಫ್ಯಾನ್‌ವೆಲ್ ಮುಕೀವಾರ ಕಿವಿಯ ಹತ್ತಿರ ಬಗ್ಗಿದರು.

"ಸ್ವಲ್ಪ ಸರ್ಕೊಳ್ಳಿ ಅಣ್ಣ, ನಾನೂ ಕೂತ್ಕೋತೀನಿ."