ಮೂರನೆಯ ದಿನದ ಅಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಚೊಚ್ಚಲ ಹೆರಿಗೆಗೆಂದು ಸೋಸಲೆಯ ತವರಿಗೆ ಬಂದೆ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಅವ್ವ ನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಿನವಿಡೀ ಪಕ್ಕದಲ್ಲೇ ನಿಂತು ಸೊಂಟ ನೀವಿದಳು. ನೋವು ಅತಿಯಾದಂತೆ, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಹಿತವಾದ ಮಂಪರು ಕವಿಯುತ್ತಿತ್ತು. ಸಂಜೆ ಮಗಳು ಹುಟ್ಟಿದಾಗ ಹಿಗ್ಗೋ ಹಿಗ್ಗು.

ಮೂರನೆಯ ದಿನ, ಮನೆಗೆ ಬಂದ ಮೇಲೆ, ಕಾರಣವೇ ಇಲ್ಲದೆ ಅಳು ಒತ್ತರಿಸಿ ಬಂತು.

“ಯಾಕವ್ವಾ, ಎಣ್ಣು ಅಂತ ಬೇಜಾರಾ?” ಎಂದಳು ಅವ್ವ.

“ಅದಲ್ಲ. ಮಗು ಮುಖ ನೋಡಿದ್ರೂ ಏನೂ ಅನ್ನಿಸ್ತಿಲ್ಲ ಕಣವ್ವ. ಭಯ ಆಗ್ತದೆ.”

ಅವ್ವ ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದಳು.

“ನೀನು ಉಟ್ದಾಗ ನಂಗೂ ಇಂಗೇ ಆಗಿತ್ತು. ಸೆರಗು ಬಾಯಿಗೆ ತುರುಕ್ಕೊಂಡು ಅತ್ತಿದ್ದೆ. ನಿನ್ನ ಎತ್ಕೊಳ್ಳಕ್ಕೂ ಮನಸಿರ್ನಿಲ್ಲ. ಇಷ್ಟು ವರ್ಸ ಯಾರ್ಗೂ ಏಳ್ನಿಲ್ಲ. ನಾನು ಪಾಪಿ ಅನ್ಕೊಂಡಿದ್ದೆ.”

ತರಗತಿಯಲ್ಲಿ ನಾನು ಎರಡೇ ವಾಕ್ಯದಲ್ಲಿ ಮುಗಿಸುತ್ತಿದ್ದ ಪಾಠ ನೆನಪಾಯಿತು. ಅವ್ವನ ಕೈ ಹಿಡಿದುಕೊಂಡೆ.

“ಅವ್ವ, ನೋವು ತಡೆಯಕ್ಕೆ ನಮ್ಮ ಮೈಯೇ ಅಫೀಮಿನಂಥದ್ದೊಂದು ತಯಾರು ಮಾಡ್ಕೊಳ್ತದೆ. ಎಂಡಾರ್ಫಿನ್ ಅಂತಾರೆ. ಹೆರಿಗೆ ನೋವಲ್ಲಿ ಅದು ತುಂಬಾ ಏರ್ತದೆ. ಮಗು ಆದ್ಮೇಲೆ ಬೀಳೋ ಮಾಸಿನಿಂದಲೂ ಬರ್ತದೆ. ಹೆತ್ತ ಮೇಲೆ ಸರ್ರನೆ ಇಳಿದುಬಿಡ್ತದೆ. ಈ ಅಳುವಿಗೆ ಅದೂ ಒಂದು ಕಾರಣ ಇರಬಹುದಂತೆ.”

ಅವ್ವ ಇನ್ನಷ್ಟು ಹತ್ತಿರ ಸರಿದು ಕೂತಳು.

“ಅಂಗಾರೆ ಅದು ನನ್ನ ಮನಸಿನ ತಪ್ಪಲ್ವಾ?”

“ಅಲ್ಲ ಕಣವ್ವ.”

ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. “ಯಾರಾದ್ರೂ ಮೊದ್ಲೇ ಏಳ್ಬಾರ್ದಿತ್ತಾ!” ಎಂದವಳೇ, ಮಗುವನ್ನು ಎತ್ತಿ ನನ್ನ ಎದೆಗೆ ಹಚ್ಚಿದಳು.

“ಎದೆಹಾಲಲ್ಲೂ ಅದು ಇರ್ತದಂತೆ,” ಎಂದೆ.

“ಅದ್ಕೇ ಇವ್ಳು ಕುಡೀತಾ ಕುಡೀತಾನೇ ಮಲಗಾದು,” ಎಂದು ಅವ್ವ ಮಗುವಿನ ಅಂಗಾಲು ಸವರಿದಳು. ಆಮೇಲೆ ನನ್ನ ಬೆನ್ನ ಹಿಂದೆ ಕೂತು, ಇಬ್ಬರನ್ನೂ ತನ್ನ ಮೈಗೆ ಒರಗಿಸಿಕೊಂಡಳು. ಅಷ್ಟು ಹೊತ್ತು ಅವಳು ನನ್ನನ್ನು ತಬ್ಬಿ ಕೂತದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಹತ್ತು ದಿನದೊಳಗೆ ಅಳು ತಾನಾಗಿ ನಿಂತಿತು. ಮಗಳ ಮೇಲಿನ ಅಕ್ಕರೆ ಯಾವಾಗ ಬಂತೋ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಬರೀ ಸೀನಿದ್ದಕ್ಕೆ ಗಾಬರಿಯಾಗಿ, ತಿಂಡಿಯ ತಟ್ಟೆ ಬಿಟ್ಟು ಅವಳ ಹತ್ತಿರ ಓಡಿದ್ದೆ.