ಮೇಷ್ಟ್ರ ಲಾಗಿನ್

ಬೀಗದಕ್ಕನಿಗೆ ಕರುಣೆ ಇರಲಿಲ್ಲ. ಆಗದವರು ಹೇಳುವ ಮಾತು ಇದಾಗಿದ್ದರೆ ಕಿವಿಗೆ ಹಾಕಿಕೊಳ್ಳಬೇಕಾಗಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ಅವಳ ತಂಗಿಯೇ ಹೇಳುತ್ತಿದ್ದಳು. ಸೋಲುವುದು, ಬಗ್ಗುವುದು, ತಪ್ಪೊಪ್ಪಿಕೊಳ್ಳುವುದು ಅಕ್ಕನ ಜಾತಕದಲ್ಲೇ ಇಲ್ಲ ಎಂದೂ ಸೇರಿಸುತ್ತಿದ್ದಳು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ.

ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಯ ಪಕ್ಕ, ಕಿಟಕಿಯಿಲ್ಲದ ಕೋಣೆಯೊಂದು ಅವಳದು. ರೋಗಿಗಳ, ಔಷಧಿಗಳ, ಹಾಸಿಗೆಗಳ ವಿವರವೆಲ್ಲ ತುಂಬಿರುವ ಡೇಟಾಬೇಸನ್ನು ಕಾಯುವುದು, ಅದರೊಳಗೆ ಯಾರು ಬರಬಹುದು, ಬಂದವರು ಎಷ್ಟು ನೋಡಬಹುದು ಎಂದು ಗೊತ್ತುಮಾಡುವುದು ಅವಳ ಕೆಲಸ. ಕೆಲಸ ಬಿಟ್ಟು ಹೋಗುವವರ ಲಾಗಿನ್ ಅನ್ನು ಬೀಳ್ಕೊಡುಗೆಯ ಚಹಾ ಆರುವ ಮೊದಲೇ ಮುಚ್ಚಿಬಿಡುತ್ತಿದ್ದಳು. ಒಮ್ಮೆ ಹಿರಿಯ ಶಸ್ತ್ರವೈದ್ಯರೊಬ್ಬರು ಬೀಳ್ಕೊಡುಗೆಯ ಭಾಷಣ ಮುಗಿಸಿ ಬಂದು, ಮೊಮ್ಮಗಳ ಫೋಟೋಗಳು ಒಳಗೆ ಉಳಿದುಬಿಟ್ಟಿವೆ, ಒಂದು ಗಳಿಗೆ ತೆರೆದುಕೊಡಿ ಎಂದು ಕೇಳಿದರು. "ಭಾಷಣಕ್ಕೆ ಮುಂಚೆ ಕೇಳ್ಬೇಕಿತ್ತು ಸರ್" ಎಂದಳು. ಬೀಗದಕ್ಕ ಎಂಬ ಹೆಸರು ಅವತ್ತೇ ಅಂಟಿಕೊಂಡಿತು. ಅದನ್ನು ಕಿತ್ತುಹಾಕಲು ಅವಳು ಹೋಗಲಿಲ್ಲ.

ಒಂದು ಬೆಳಿಗ್ಗೆ ಔಷಧಿ ಉಗ್ರಾಣದ ಮೇಲ್ವಿಚಾರಕ ಫೋನ್ ಮಾಡಿದ.

"ಮೇಡಂ, ಇವತ್ತೂ ವರದಿ ಬಂದಿಲ್ಲ. ನಿಮ್ಮ ಸರ್ವರ್ ಏನು ಮೌನವ್ರತ ಹಿಡಿದಿದೆಯಾ?"

"ನೋಡ್ತೀನಿ."

"ನಿನ್ನೇನೂ ನೋಡ್ತೀನಿ ಅಂದ್ರಿ. ನೋಡಿ ನೋಡಿ ಅದಕ್ಕೆ ದೃಷ್ಟಿ ಆಗಿರ್ಬೇಕು."

ಅವನಿಗೆ ತಮಾಷೆ ಮಾಡಲೂ ಕಾರಣವಿತ್ತು, ಸಿಟ್ಟಾಗಲೂ ಕಾರಣವಿತ್ತು. ಯಾವ ವಾರ್ಡಿಗೆ ಅಂದು ಯಾವ ಔಷಧಿ ಹೋಗಬೇಕು ಎಂಬ ವರದಿಯನ್ನು ವರದಿ ಸರ್ವರ್ ದಿನಾ ಬೆಳಿಗ್ಗೆ ತಾನಾಗಿಯೇ ಡೇಟಾಬೇಸಿನಿಂದ ತೆಗೆದು ಉಗ್ರಾಣಕ್ಕೆ ಕಳಿಸಬೇಕು. ಅದು ಬಾರದಿದ್ದರೆ ಅವನು ಒಂದೊಂದೇ ವಾರ್ಡಿಗೆ ಫೋನ್ ಮಾಡಿ ಕೇಳಬೇಕು. ಅಷ್ಟರಲ್ಲಿ ಔಷಧಿ ಗಾಡಿಗಳು ತಡವಾಗುತ್ತವೆ. ಮೇಲಿನ ವಾರ್ಡುಗಳಲ್ಲಿ ನೋವಿನಲ್ಲಿರುವವರು ಹಲ್ಲು ಕಚ್ಚಿಕೊಂಡು ಕಾಯುತ್ತಾರೆ.

ಸೋಜಿಗವೆಂದರೆ, ಬೀಗದಕ್ಕ ಬಂದು ಕೂತು ನೋಡುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ಡಾಕ್ಟರ ಮುಂದೆ ಕೂತೊಡನೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಕೇಬಲ್ ನೋಡಿದಳು, ಡಿಸ್ಕ್ ನೋಡಿದಳು, ಸರ್ವರನ್ನು ಒಮ್ಮೆ ಆರಿಸಿ ಹಚ್ಚಿದಳು. ಮರುದಿನ ಮತ್ತೆ ಅದೇ ರಗಳೆ. ಕೊನೆಗೆ ಒಂದು ದಿನ ಎಲ್ಲರಿಗಿಂತ ಮೊದಲೇ ಬಂದು, ಒಳಬರುವವರ ಲೆಕ್ಕವನ್ನು ಸರ್ವರ್ ಬರೆದಿಡುವ ಲಾಗ್ ತೆರೆದಿಟ್ಟು ಬೆಕ್ಕು ಬಿಲದ ಮುಂದೆ ಕೂತಂತೆ ಕೂತಳು.

ಸಾಲುಗಳು ಬಂದವು. ಲಾಗಿನ್ ವಿಫಲ, ಪಾಸ್‌ವರ್ಡ್ ತಪ್ಪು. ಸ್ವಲ್ಪ ಬಿಟ್ಟು ಮತ್ತೆ ಅದೇ. ಮತ್ತೆ. ಯಂತ್ರದ ಅವಸರ ಅದರಲ್ಲಿ ಇರಲಿಲ್ಲ. ಯಾರೋ ಮನುಷ್ಯರು ಯೋಚಿಸಿ ಯೋಚಿಸಿ ಟೈಪ್ ಮಾಡುತ್ತಿದ್ದರು. ತಪ್ಪುಗಳು ಮಿತಿ ಮೀರಿದಾಗ ಆ ಖಾತೆ ಲಾಕ್ ಆಯಿತು. ಅದರ ಬೆನ್ನಿಗೇ ವರದಿಯೂ ನಿಂತಿತು. ಕೆಲ ಹೊತ್ತಿನ ಮೇಲೆ, ಆಸ್ಪತ್ರೆಯಲ್ಲಿರುವ ನಿಯಮದಂತೆ, ಲಾಕ್ ತಾನಾಗಿಯೇ ಬಿಟ್ಟುಕೊಂಡಿತು. ವರದಿಯ ಹೊತ್ತು ಮೀರಿಹೋಗಿತ್ತು.

ಖಾತೆ ಮೇಷ್ಟ್ರದು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಬೀಗದಕ್ಕನಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು, ಅವಳಿಗೆ ಕೆಲಸ ಕಲಿಸಿದವರು. ನೆಲಮಾಳಿಗೆಗೆ ಬಂದ ಎಲ್ಲರಿಗೂ ಅವರು ಪಾಠ ಹೇಳುತ್ತಿದ್ದರಿಂದ ಆ ಹೆಸರು. ವರದಿ ಸರ್ವರನ್ನು ಕಟ್ಟಿದವರೂ ಅವರೇ. ಇಂಥ ಸರ್ವರಿಗೆ ಮನುಷ್ಯರದ್ದಲ್ಲದ, ಅದಕ್ಕಾಗಿಯೇ ಮಾಡಿದ ಖಾತೆಯೊಂದನ್ನು ಕೊಡಬೇಕು. ಅಂದು ಮೇಲಿನಿಂದ ಅವಸರವಿತ್ತು. ಮೇಷ್ಟ್ರು ತಮ್ಮ ಸ್ವಂತ ಲಾಗಿನ್ನನ್ನೇ ಅದಕ್ಕೆ ಕಟ್ಟಿ, "ಆಮೇಲೆ ಸರಿಮಾಡೋಣ ಬಿಡು" ಎಂದಿದ್ದರು. ಈ ಕಸುಬಿನಲ್ಲಿ 'ಆಮೇಲೆ' ಎಂಬುದು ಬಂದ ಚರಿತ್ರೆಯಿಲ್ಲ.

ಅವರು ನಿವೃತ್ತರಾದ ದಿನ ಬೀಗದಕ್ಕ ಆ ಖಾತೆಯನ್ನು ಮುಚ್ಚಲಿಲ್ಲ. ಮನೆಯಿಂದಲೇ ಡೇಟಾಬೇಸಿನೊಳಗೆ ಬರಲು ಅವರಿಗಿದ್ದ ದಾರಿಯನ್ನೂ ಮುಚ್ಚಲಿಲ್ಲ. ಮುಚ್ಚಿದರೆ ವರದಿಗಳು ನಿಲ್ಲುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು. ವರದಿಗಳನ್ನು ಬೇರೆ ಖಾತೆಗೆ ಬದಲಿಸುವುದು ಒಂದು ಬೆಳಗಿನ ಕೆಲಸ. ಆ ಒಂದು ಬೆಳಗು ಅವಳಿಗೆ ಇಷ್ಟು ಕಾಲ ಸಿಕ್ಕಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಲಾಗಿನ್ ಆಗಲು ಹೆಣಗುತ್ತಿದ್ದ ಯಂತ್ರ ಯಾವುದೆಂದು ನೋಡಿದಳು. ನಿವೃತ್ತಿಯ ದಿನ ಆಸ್ಪತ್ರೆ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್. ಕಳುವಾಗಿರಬೇಕು ಎಂದುಕೊಂಡು ಲಾಗ್‌ನಲ್ಲಿ ಹಿಂದೆ ಹಿಂದೆ ಹೋದಳು. ಕೆಲವು ದಿನ ಬೆಳಿಗ್ಗೆ ಪಾಸ್‌ವರ್ಡ್ ಸರಿಯಾಗಿಯೇ ಬಿದ್ದಿತ್ತು. ಅಂಥ ಒಂದು ಬೆಳಿಗ್ಗೆ ಯಾರೋ ಒಳಬಂದು, ಮಕ್ಕಳ ಹೊಸ ವಾರ್ಡನ್ನು ವರದಿಯಿಂದ ಅಳಿಸಿದ್ದರು. ಆ ದಿನ ಅವಳಿಗೆ ನೆನಪಿತ್ತು. ಮಕ್ಕಳ ವಾರ್ಡಿಗೆ ಗಾಡಿಯೇ ಹೋಗಿಲ್ಲವೆಂದು ಗೊತ್ತಾಗಿ ಉಗ್ರಾಣದ ಮೇಲ್ವಿಚಾರಕ ತಾನೇ ಗಾಡಿ ತಳ್ಳಿಕೊಂಡು ಓಡಿದ್ದ. ಯಂತ್ರದ ದೋಷವೆಂದು ಎಲ್ಲರೂ ಸುಮ್ಮನಾಗಿದ್ದರು.

ಇಂಥದ್ದು ಕಂಡರೆ ಕೂಡಲೇ ಭದ್ರತಾ ವಿಭಾಗಕ್ಕೆ ತಿಳಿಸಬೇಕು. ಮರುದಿನ ಬೆಳಿಗ್ಗೆ ಬೀಗದಕ್ಕ ಬಸ್ಸು ಹಿಡಿದು ಮೇಷ್ಟ್ರ ಮನೆಗೆ ಹೋದಳು.

ಬಾಗಿಲು ತೆರೆದ ಮೇಷ್ಟ್ರ ಹೆಂಡತಿ ಅವಳನ್ನು ಕಂಡು ಬೆಚ್ಚಲೂ ಇಲ್ಲ, ನಗಲೂ ಇಲ್ಲ.

"ಬಂದ್ಯಾ? ಯಾವತ್ತಾದ್ರೂ ಒಂದಿನ ಯಾರಾದ್ರೂ ಬರ್ತೀರ ಅಂತ ಗೊತ್ತಿತ್ತು. ಮೆಲ್ಲಗೆ ಬಾ. ಅವರು ಆಫೀಸಲ್ಲಿದಾರೆ."

ಆಫೀಸು ಎಂದರೆ ಮಲಗುವ ಕೋಣೆಯ ಆಚೆಯ ಚಿಕ್ಕ ಕೋಣೆ. ಇಸ್ತ್ರಿ ಮೇಜು, ಮಡಚಿಟ್ಟ ಹಾಸಿಗೆ, ಪಕ್ಕದ ಮನೆಯ ಗೋಡೆ ಮಾತ್ರ ಕಾಣುವ ಕಿಟಕಿ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶೂ ಹಾಕಿ, ಕೊರಳಿಗೆ ಆಸ್ಪತ್ರೆಯ ಗುರುತಿನ ಚೀಟಿ ತೂಗುಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತಿದ್ದರು. ಪರದೆ 'ತಪ್ಪು' ಎಂದಾಗ ಕೈ ಹಿಂದಕ್ಕೆ ತೆಗೆದು, ಮುಚ್ಚಿದ ಕದದ ಮುಂದೆ ಮರ್ಯಾದಸ್ಥರು ಕಾಯುವ ಹಾಗೆ ಕಾಯುತ್ತಿದ್ದರು.

"ನೀನಾ? ಬಾ. ತರಬೇತಿಗೆ ಸೇರಿದ ಮೊದಲ ವಾರಾನೇ ಇಷ್ಟು ತಡವಾಗಿ ಬಂದ್ರೆ ಹೇಗೆ ತಾಯಿ?"

ಅವಳ ತಲೆಗೂದಲು ಮುಕ್ಕಾಲುಪಾಲು ಬೆಳ್ಳಗಾಗಿತ್ತು. "ಬಸ್ಸು ತಡ ಆಯ್ತು ಮೇಷ್ಟ್ರೇ" ಎಂದಳು. ಅದು ನಿಜವೇ.

"ನೋಡಿಲ್ಲಿ. ನಾನೇ ಕಟ್ಟಿದ ಸರ್ವರ್, ನಂಗೇ ಒಳಗೆ ಬಿಡ್ತಿಲ್ಲ." ಮೇಷ್ಟ್ರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನನ್ನನ್ನ ಕೆಲಸದಿಂದ ತೆಗೆದುಬಿಟ್ರಾ? ನಿಂಗೇನಾದ್ರೂ ಗೊತ್ತಾ? ಯಾವ ತಪ್ಪಿಗೆ ಅಂತ ಗೊತ್ತಾದ್ರೂ ಸಾಕಿತ್ತು. ಮನೇಲಿ ಇನ್ನೂ ಹೇಳಿಲ್ಲ."

"ಯಾರೂ ತೆಗೆದಿಲ್ಲ. ನೀವು ನಿವೃತ್ತಿ ಆಗಿದೀರಿ ಮೇಷ್ಟ್ರೇ."

"ನಾನಾ?" ಅವರು ಅವಳ ಮುಖವನ್ನೇ ನೋಡಿದರು, ಕೆಟ್ಟ ತಮಾಷೆ ಮಾಡಿದ ಮಗುವನ್ನು ನೋಡುವಂತೆ. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. "ಯಾವಾಗ? ನಂಗೆ ಯಾಕೆ ಯಾರೂ ಹೇಳ್ಲಿಲ್ಲ?"

ಮೇಷ್ಟ್ರು ಅಳತೊಡಗಿದರು. ದೊಡ್ಡ ಮನುಷ್ಯರು ಬಿಕ್ಕುವುದನ್ನು ನೋಡಿ ಅಭ್ಯಾಸವಿಲ್ಲದ ಬೀಗದಕ್ಕ ಎದ್ದು ನಿಂತಳು. ಹೆಂಡತಿ ಓಡಿಬಂದು ಅವರ ಬೆನ್ನು ಸವರಿ, ಅವಳನ್ನು ಅಡುಗೆಮನೆಗೆ ಕರೆದೊಯ್ದಳು.

"ಆ ಮಾತು ಹೇಳ್ಬಾರ್ದು ಕಣೇ. ಪ್ರತಿಸಲಾನೂ ಅವರಿಗೆ ಅದು ಹೊಸ ಸುದ್ದಿ."

"ಲ್ಯಾಪ್‌ಟಾಪ್ ತೆಗೆದಿಡಬಾರದಾ ಅಮ್ಮ?"

"ತೆಗೆದಿಟ್ಟೆ. ಮನೆಯೆಲ್ಲ ಹುಡುಕಿದ್ರು. ಸಿಗದಿದ್ದಾಗ, ಆಸ್ಪತ್ರೆಗೇ ಹೋಗ್ತೀನಿ ಅಂತ ನಡುರಸ್ತೆಗೆ ಇಳಿದ್ರು. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಉಳಿದ್ರು. ಮೊದಮೊದಲು ಪಾಸ್‌ವರ್ಡ್ ಒಂದೆರಡು ಸಲಕ್ಕೇ ನೆನಪಾಗ್ತಿತ್ತು. ಒಳಗೆ ಹೋಗಿ ಅದೇನೋ ಮಾಡಿ, ಊಟಕ್ಕೆ ಬಾಯ್ತುಂಬ ಮಾತಾಡ್ತಾ ಬರೋರು. ಈಗ ನೆನಪಾಗಲ್ಲ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನೀನೇ ಒಂದು ಹೊಸದು ಹಾಕಿಕೊಡಮ್ಮ. ಗೋಡೆ ಮೇಲೆ ಬರೆದು ಅಂಟಿಸ್ತೀನಿ. ನಿನ್ನ ಕೈಲೇ ಇದೆ."

"ಒಳಗೆ ಹೋದಾಗ ಮಕ್ಕಳ ವಾರ್ಡ್ ಅಳಿಸಿದಾರೆ ಅಮ್ಮ."

"ಅವರ ಲೆಕ್ಕದಲ್ಲಿ ಆ ವಾರ್ಡ್ ಇನ್ನೂ ಕಟ್ಟೇ ಇಲ್ಲ."

"ಅವತ್ತು ಅಲ್ಲಿ ಮಕ್ಕಳಿಗೆ ಔಷಧಿ ತಡವಾಯ್ತು."

ಮೇಷ್ಟ್ರ ಹೆಂಡತಿ ಒಲೆ ಆರಿಸಿದಳು. "ಹಾಗಾದ್ರೆ ಮುಚ್ಚಿಬಿಡ್ತೀಯಾ?"

"ಮುಚ್ಚಬೇಕು."

"ಗುರುವಿಗೇ ತಿರುಮಂತ್ರ" ಎಂದಳು ಆಕೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೀಗದಕ್ಕನಿಗೆ ಅನುಕೂಲವಾಗುತ್ತಿತ್ತು.

ಅಂದೇ ಮಧ್ಯಾಹ್ನ ಅವಳು ವರದಿಗಳಿಗಾಗಿಯೇ ಒಂದು ಖಾತೆ ಮಾಡಿದಳು. ಒಂದೊಂದೇ ವರದಿಯನ್ನು ಮೇಷ್ಟ್ರ ಹೆಸರಿನಿಂದ ಬಿಡಿಸಿ ಇದಕ್ಕೆ ಕಟ್ಟಿ, ಓಡಿಸಿ ನೋಡಿದಳು. ವರದಿಗಳ ಒಳಗೆಲ್ಲ ಮೇಷ್ಟ್ರ ಕೈ ಕಾಣುತ್ತಿತ್ತು. ಮುಂದೆ ನೋಡುವವರಿಗೆ ತಿಳಿಯಲೆಂದು ಅಲ್ಲಲ್ಲಿ ಒಂದೆರಡು ಸಾಲು ವಿವರ ಬರೆದಿಟ್ಟಿದ್ದರು. ಅವನ್ನು ಮುಟ್ಟಲಿಲ್ಲ. ಎಲ್ಲ ಮುಗಿದ ಮೇಲೆ ಅವರ ಖಾತೆಗೆ ಬಂದಳು. ನಿಜವಾಗಿ ಮುಚ್ಚಬೇಕೆ ಎಂದು ಯಂತ್ರ ಕೇಳಿತು. ಅದು ಎಲ್ಲರ ಖಾತೆಗೂ ಹಾಗೇ ಕೇಳುತ್ತದೆ. ಮುಚ್ಚಿದಳು.

ಊಟಕ್ಕೆ ಕೂತಾಗ ತಂಗಿ ಎಂದಿನಂತೆ ಚುಚ್ಚಿದಳು. "ಏನು ಬೀಗದಕ್ಕ, ಇವತ್ತು ಯಾರ ಬಾಗಿಲಿಗೆ ಜಡಿದು ಬಂದೆ?"

"ಮೇಷ್ಟ್ರಿಗೆ."

ತಂಗಿ ತಟ್ಟೆ ಪಕ್ಕಕ್ಕೆ ಸರಿಸಿ ವಿವರ ಕೇಳಿದಳು. ಕೇಳಿದ್ದಕ್ಕೆಲ್ಲ ಅಕ್ಕ ಚುಟುಕಾಗಿ ಉತ್ತರ ಕೊಟ್ಟಳು.

"ನಿದ್ದೆ ಬರುತ್ತಾ ನಿಂಗೆ?"

"ಬರುತ್ತೆ."

ಬಂತು ಕೂಡ.

ವರದಿಗಳು ಹೊತ್ತಿಗೆ ಸರಿಯಾಗಿ ಬರತೊಡಗಿದವು. ಉಗ್ರಾಣದ ಮೇಲ್ವಿಚಾರಕ ತಮಾಷೆ ನಿಲ್ಲಿಸಿದ. ಆ ವಾರದ ಕೊನೆಗೆ ಮೇಷ್ಟ್ರ ಹೆಂಡತಿಯ ಫೋನ್ ಬಂತು.

"ಈಗ ಅದರಲ್ಲಿ ಬೇರೆ ಥರ ಬರುತ್ತಲ್ಲೇ. ಈ ಖಾತೆಯನ್ನು ಮುಚ್ಚಲಾಗಿದೆ ಅಂತ. ಅದನ್ನ ಗಟ್ಟಿಯಾಗಿ ಓದ್ತಾರೆ. ಕೊರಳಿಂದ ಚೀಟಿ ತೆಗೆದು ಮೇಜಿನ ಮೇಲಿಡ್ತಾರೆ. ಶೂ ಬಿಚ್ಚಿ, ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಊಟ ಇಲ್ಲ, ಮಾತಿಲ್ಲ. ಬೆಳಗಾದ್ರೆ ಎಲ್ಲ ಮರೆತು ಮತ್ತೆ ಹೊರಡ್ತಾರೆ. ಮೊದಲಾದ್ರೆ, ಪಾಸ್‌ವರ್ಡ್ ಇದಲ್ಲ, ಇನ್ನೊಂದಿರಬೇಕು ಅನ್ನೋ ಆಸೆ ಇರ್ತಿತ್ತು. ಈಗ ದಿನಾ ಬೆಳಿಗ್ಗೆ ಹೊಸದಾಗಿ ಕೆಲಸ ಕಳ್ಕೋತಿದಾರೆ."

"ನಾನು ಮಾಡಿದ್ದು ಸರಿ ಅಮ್ಮ."

"ಸರಿ ಇಲ್ಲ ಅಂತ ಯಾರಂದ್ರು? ಸರಿಯಾದ್ದನ್ನೇ ಮಾಡಿದೀಯ." ಫೋನ್ ಇಟ್ಟಳು.

ಬೀಗದಕ್ಕ ಆ ದಿನವೆಲ್ಲ ಕೆಲಸ ಮಾಡಿದಳು. ಒಬ್ಬ ನರ್ಸಿಗೆ ಬೈದಳು, ನ್ಯಾಯವಾಗಿಯೇ.

ಮರುದಿನ ಬೆಳಿಗ್ಗೆ ಮೇಲ್ವಿಚಾರಕ ಉಗ್ರಾಣಕ್ಕೆ ಹೊಸದಾಗಿ ಬಂದವರಿಗೆ ಲಾಗಿನ್ ಕೇಳಲೆಂದು ನೆಲಮಾಳಿಗೆಗೆ ಇಳಿದು ಬಂದಾಗ ಅವಳ ಕಿವಿಯಲ್ಲಿ ಫೋನ್ ಇತ್ತು. "ಅವರು ಕೂರೋಕೆ ಮುಂಚೆ ಫೋನ್ ಕೊಡಿ ಅಮ್ಮ" ಎನ್ನುತ್ತಿದ್ದಳು. ಅವನಿಗೆ ಕುರ್ಚಿ ತೋರಿಸಿದಳು.

"ಮೇಷ್ಟ್ರೇ, ಇವತ್ತು ಲಾಗಿನ್ ಮಾಡ್ಬೇಡಿ. ಸರ್ವರ್ ಬಿದ್ದಿದೆ, ಏನೂ ಓಡ್ತಿಲ್ಲ."

"ಬಿದ್ದಿದೆಯಾ? ಯಾರು ಬೀಳಿಸಿದ್ದು?"

ಬೀಗದಕ್ಕ ಪೆನ್ನು ಎತ್ತಿಕೊಂಡಳು.

"ನಾನೇ ಮೇಷ್ಟ್ರೇ. ತಪ್ಪು ನಂದು."

ಆ ಕಡೆಯ ದನಿ ಏರಿತು. ಮೇಲ್ವಿಚಾರಕನಿಗೂ ಕೇಳುವಷ್ಟು ಏರಿತು. "ಕೇಳದೆ ಏನೂ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಬುದ್ಧಿ ಎಲ್ಲಿ ಮೇಯೋಕೆ ಬಿಟ್ಟಿದ್ದೆ? ಮೊದಲು ಲಾಗ್ ನೋಡು. ನೋಡಿದ್ಯಾ?"

"ನೋಡ್ತೀನಿ."

"ನೋಡ್ತೀನಿ ಅಲ್ಲ, ಈಗ ನೋಡು! ಅವಸರದಲ್ಲಿ ಆರಿಸಿ ಹಚ್ಚಬೇಡ. ಮೊದಲು ಏನಾಗಿದೆ ಅಂತ ತಿಳ್ಕೋ. ಯಾರಿಗೆ ಏನು ನಿಂತಿದೆ ಅಂತ ಕೇಳು. ಬರ್ಕೋತಿದೀಯಾ?"

"ಬರ್ಕೋತಿದೀನಿ."

ಮೇಲ್ವಿಚಾರಕ ಮುಂದಕ್ಕೆ ಬಾಗಿ ಪಿಸುಗುಟ್ಟಿದ. "ಮೇಡಂ, ಎಲ್ಲಿ ಬಿದ್ದಿದೆ? ನನ್ನ ವರದಿ ಈಗ ತಾನೇ ಬಂತಲ್ಲ?" ಅವಳು ಅಂಗೈ ಎತ್ತಿ ಅವನ ಬಾಯಿ ಮುಚ್ಚಿಸಿದಳು.

ಮೇಷ್ಟ್ರ ಸಿಟ್ಟು ಇಳಿಯಿತು. "ಅಳ್ತಿದೀಯಾ? ಅಳ್ಬೇಡ ತಾಯಿ. ಎಲ್ಲರ ಕೈಲೂ ಒಂದಲ್ಲ ಒಂದಿನ ಬೀಳುತ್ತೆ. ನನ್ನ ಕೈಲೂ ಬಿದ್ದಿದೆ. ಸರಿಹೋಗೋ ತನಕ ನಾನು ಮನೇಲೇ ಇರ್ತೀನಿ. ಏನಾಯ್ತು ಅಂತ ನಾಳೆ ಬೆಳಿಗ್ಗೆ ಮೊದಲು ನಂಗೆ ಫೋನ್ ಮಾಡಿ ಹೇಳ್ಬೇಕು."

"ಹೇಳ್ತೀನಿ ಮೇಷ್ಟ್ರೇ."

ಅವರು ಒಳಗೆ ಹೆಂಡತಿಗೆ ಹೇಳುವುದು ಕೇಳಿಸಿತು: "ಇವತ್ತು ರಜೆ ಕಣೇ. ಆ ಹುಡುಗಿ ಏನೋ ಎಡವಟ್ಟು ಮಾಡ್ಕೊಂಡಿದಾಳೆ. ತಿಂಡಿಗೇನಿದೆ?"

ಮರುದಿನ ಬೆಳಿಗ್ಗೆ, ಅವರು ಶೂ ಹಾಕಿಕೊಳ್ಳುವ ಹೊತ್ತಿಗೆ, ಬೀಗದಕ್ಕ ಫೋನ್ ಮಾಡಿ ಸರ್ವರ್ ಬಿದ್ದಿದೆ ಎಂದಳು. ಯಾರು ಬೀಳಿಸಿದ್ದು ಎಂದು ಅವರು ಕೇಳಿದರು.